ಕೊಯ್ಲಿಗೆ ಮುಂಚೆ ಗಾಂಜಾ ಗಿಡಕ್ಕೆ ಎರಡು ವಾರ ಬರೀ ನೀರು: ನಿಜಕ್ಕೂ ಬೇಕಾ?

ನನ್ನ ಮೊದಲ ವರ್ಷದ ಬೆಳೆ ಹಾಳಾಗಿದ್ದು ನೀರು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ. ಕೆನಡಾದ ಒಂಟಾರಿಯೊ, ಕಿಚನರ್ ಊರು, ಮನೆ ಹಿಂದಿನ ಡೆಕ್ ಮೇಲೆ ನಾಲ್ಕು ಕುಂಡ. ಒಂದೊಂದೂ 20 ಲೀಟರಿನದು. ಸೆಪ್ಟೆಂಬರ್ ಕೊನೆ, ಹೂವು ಮುಟ್ಟಿದರೆ ಬೆರಳು ಅಂಟುವಷ್ಟು ಬಲಿತಿತ್ತು. ಕೊಯ್ಯುವ ಎರಡು ವಾರ ಮುಂಚೆ ಗಿಡವನ್ನು ‘ಫ್ಲಶ್’ ಮಾಡಲೇಬೇಕು, ಅಂದರೆ ನೀರು ಹಾಯಿಸಿ ತೊಳೆಯಲೇಬೇಕು ಎಂದು ಸಾಮಾನು ಮಾರುವ ಅಂಗಡಿಯವನು ಹೇಳಿದ್ದ. ಅದಕ್ಕೆಂದೇ ಒಂದು ಬಾಟಲಿ ದ್ರಾವಣವನ್ನೂ ಕೈಗಿಟ್ಟಿದ್ದ.

ಒಂದೊಂದು ಕುಂಡಕ್ಕೂ 60 ಲೀಟರ್ ನೀರು ಸುರಿದೆ. ಎರಡು ದಿನ ಬಿಟ್ಟು ಇನ್ನೊಂದು ಸಲ. ಮಣ್ಣು ಒಣಗಲೇ ಇಲ್ಲ. ರಾತ್ರಿ ಚಳಿ ಜಾಸ್ತಿಯಾಯಿತೆಂದು ಕುಂಡಗಳನ್ನು ಗ್ಯಾರೇಜಿಗೆ ತಂದು ಬಾಗಿಲು ಹಾಕಿದೆ. ಹತ್ತನೇ ದಿನ ನೋಡಿದರೆ, ಎಲ್ಲಕ್ಕಿಂತ ದಪ್ಪ ಹೂವಿನ ನಡುವೆ ಒಂದೇ ಒಂದು ಎಲೆ ಹಳದಿಯಾಗಿ ನಿಂತಿತ್ತು. ಎಳೆದೆ, ಸಲೀಸಾಗಿ ಕೈಗೆ ಬಂತು. ಹೂವನ್ನು ಬಿಡಿಸಿದೆ. ಒಳಗೆಲ್ಲ ಕಂದು, ಮೇಲೆ ಬೂದು ಬಣ್ಣದ ತುಪ್ಪುಳ, ಊದಿದರೆ ಪುಡಿ ಹಾರುತ್ತಿತ್ತು. ದ್ರಾಕ್ಷಿ ಗೊಂಚಲಿಗೆ ಬರುತ್ತದಲ್ಲ, ಅದೇ ಬೊಟ್ರೈಟಿಸ್ ಬೂಷ್ಟು. ಬರೀ ಫ್ಲಶ್‌ನಿಂದಲೇ ಬಂತು ಅಂತ ಹೇಳಲ್ಲ. ಮುಚ್ಚಿದ ಬಾಗಿಲು, ಗಾಳಿಯಿಲ್ಲದ ಜಾಗ, ಒದ್ದೆ ಮಣ್ಣು, ಎಲ್ಲ ಸೇರಿ ಬಂತು. ಆದರೆ ಅಷ್ಟೊಂದು ನೀರನ್ನು ಅಲ್ಲಿಗೆ ತಂದದ್ದು ನಾನೇ.

ಮುಂದೆ ಓದುವ ಮುಂಚೆ ಕಾನೂನಿನ ಮಾತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಗಾಂಜಾ ಕಾನೂನುಬದ್ಧ. ಒಂದು ಮನೆಗೆ ನಾಲ್ಕು ಗಿಡ. ಮನೆಯಲ್ಲಿ ನಾಲ್ಕು ಜನ ಇದ್ದರೆ ಹದಿನಾರಲ್ಲ, ನಾಲ್ಕೇ. ಕ್ವಿಬೆಕ್‌ನಲ್ಲಿ ಮನೆಯಲ್ಲಿ ಬೆಳೆಯುವ ಹಾಗೇ ಇಲ್ಲ, 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿಷೇಧವನ್ನು ಎತ್ತಿಹಿಡಿದಿದೆ. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಒಬ್ಬ ವಯಸ್ಕರಿಗೆ ಮೂರು ಗಿಡ. ಭಾರತದಲ್ಲಿ ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ: ಲೈಸೆನ್ಸ್ ಇಲ್ಲದೆ ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಹಿತ್ತಲಲ್ಲಿ ಒಂದೇ ಗಿಡ ತಾನೇ ಅನ್ನುವ ಮಾತು ಅಲ್ಲಿ ನಡೆಯಲ್ಲ. ಇಲ್ಲಿಂದ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಚೂರೂ ಇರಬಾರದು. ಊರಲ್ಲಿ ಕೂತು ಇದನ್ನು ಓದುತ್ತಿದ್ದರೆ, ಕೆಳಗೆ ಬರುವ ಉಪ್ಪು ತೊಳೆಯುವ ವಿಷಯ ನಿಮ್ಮ ತಾರಸಿಯ ಗುಲಾಬಿಗೂ ಮೆಣಸಿನ ಗಿಡಕ್ಕೂ ಆಗುತ್ತದೆ. ಅಷ್ಟು ಮಾತ್ರ ತಗೊಳ್ಳಿ.

ಫ್ಲಶ್ ಅಂದರೆ ಏನು, ಯಾಕೆ ಮಾಡ್ತಾರೆ

ಕೊಯ್ಲಿಗೆ ಒಂದೆರಡು ವಾರ ಇರುವಾಗ ಗೊಬ್ಬರ ಪೂರ್ತಿ ನಿಲ್ಲಿಸಿ ಬರೀ ನೀರು ಕೊಡುವುದಕ್ಕೆ ಫ್ಲಶ್ ಅನ್ನುತ್ತಾರೆ. ಹಾಗೆ ಮಾಡಿದರೆ ಹೂವಿನೊಳಗೆ ಉಳಿದ ಗೊಬ್ಬರವೆಲ್ಲ ತೊಳೆದು ಹೋಗುತ್ತದೆ, ಹೊಗೆ ಗಂಟಲು ಕೆರೆಯಲ್ಲ, ಬೂದಿ ಬೆಳ್ಳಗೆ ಬರುತ್ತದೆ ಎನ್ನುವುದು ನಂಬಿಕೆ.

ಕೇಳಲು ಸರಿ ಅನ್ನಿಸುತ್ತದೆ. ಸೊಪ್ಪು ತೊಳೆಯಲ್ವಾ, ಅಕ್ಕಿ ತೊಳೆಯಲ್ವಾ, ಹಾಗೇ ಇದು. ಆದರೆ ಗಿಡ ಕೊಳಾಯಿ ಪೈಪ್ ಅಲ್ಲ. ಬೇರಿಗೆ ಸುರಿದ ನೀರು ಹೂವಿನವರೆಗೆ ಹೋಗಿ, ಅಲ್ಲಿನ ಕೊಳೆ ಹೊತ್ತು ಮತ್ತೆ ಕುಂಡದ ತೂತಿನಿಂದ ಹೊರಗೆ ಬರಲ್ಲ. ಬೇರಿನಿಂದ ಮೇಲೆ ಹೋದ ನೀರು ಬಹುಪಾಲು ಎಲೆಯಿಂದ ಆವಿಯಾಗುತ್ತದೆ. ಜತೆಗೆ ಹೋದ ಖನಿಜ ಅಲ್ಲೇ ಉಳಿಯುತ್ತದೆ. ಒಳಗೆ ಹೋದ ಸಾರಜನಕ ಆಗಲೇ ಪ್ರೋಟೀನ್ ಆಗಿದೆ, ಪತ್ರಹರಿತ್ತು ಆಗಿದೆ. ಕ್ಯಾಲ್ಸಿಯಂ ಜೀವಕೋಶದ ಗೋಡೆಯಲ್ಲಿ ಕೂತಿದೆ. ಅದನ್ನು ನೀರಿನಿಂದ ತೊಳೆಯುತ್ತೇನೆ ಅನ್ನುವುದು, ಗೋಡೆ ಕಟ್ಟಿದ ಮೇಲೆ ಸಿಮೆಂಟ್ ತೊಳೆದು ತೆಗೆಯುತ್ತೇನೆ ಅಂದ ಹಾಗೆ.

ಇದಕ್ಕಿಂತ ಮಜವಾದ ವಿಷಯ ಇನ್ನೊಂದಿದೆ. ಬುಡದಲ್ಲಿ ಗೊಬ್ಬರ ನಿಂತರೆ ಗಿಡ ತನ್ನ ಹಳೆ ಎಲೆಗಳಿಂದ ಸಾರಜನಕ, ರಂಜಕ, ಪೊಟ್ಯಾಶ್, ಮೆಗ್ನೀಸಿಯಂ ಕಿತ್ತು ಬೆಳೆಯುತ್ತಿರುವ ಕಡೆಗೆ ಕಳಿಸುತ್ತದೆ. ಆ ಹೊತ್ತಿಗೆ ಬೆಳೆಯುತ್ತಿರುವುದು ಯಾವುದು? ಹೂವೇ. ಕೈ ಬರಿದಾದ ಮನೆಯವರು ಪೆಟ್ಟಿಗೆಯ ಒಡವೆ ತೆಗೆದು ಮಗಳ ಮದುವೆ ಮಾಡುವ ಹಾಗೆ. ಫ್ಲಶ್ ಮಾಡಿದಾಗ ಎಲೆ ಹಳದಿಯಾಗುವುದು ಇದಕ್ಕೇ. ‘ನೋಡಿ, ಗೊಬ್ಬರ ಹೊರಗೆ ಹೋಗ್ತಿದೆ’ ಎಂದು ಆ ಹಳದಿ ಎಲೆ ತೋರಿಸುತ್ತಾರೆ. ಹೋಗ್ತಿರೋದು ನಿಜ. ಯಾವ ಕಡೆಗೆ ಅನ್ನುವುದನ್ನು ಮಾತ್ರ ಹೇಳಲ್ಲ.

ಪರೀಕ್ಷೆ ಮಾಡಿದವರೂ ಇದ್ದಾರೆ. ನಮ್ಮ ಪಕ್ಕದೂರಿನ ಗುವೆಲ್ಫ್ ವಿಶ್ವವಿದ್ಯಾಲಯದ 2017ರ ಒಂದು ಸ್ನಾತಕೋತ್ತರ ಪ್ರಬಂಧದಲ್ಲಿ, ಫ್ಲಶ್ ಮಾಡಿದರೂ ಹೂವಿನೊಳಗಿನ ಪೋಷಕಾಂಶ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ ಎಂದು ಬಂತು. ಅಮೆರಿಕದ ಕೊಲೊರಾಡೊದಲ್ಲಿ ಆರ್‌ಎಕ್ಸ್ ಗ್ರೀನ್ ಟೆಕ್ನಾಲಜೀಸ್ ಎಂಬ ಕಂಪನಿ ಒಂದೇ ತಳಿಯ ಗಿಡಗಳನ್ನು ನಾಲ್ಕು ಗುಂಪು ಮಾಡಿ 0, 7, 10, 14 ದಿನ ಫ್ಲಶ್ ಮಾಡಿತು. ಇಳುವರಿ, ಮತ್ತು ತರಿಸುವ ಟಿಎಚ್‌ಸಿ, ಪರಿಮಳದ ಟರ್ಪೀನ್, ಯಾವುದರಲ್ಲೂ ಗಮನಿಸುವಂಥ ವ್ಯತ್ಯಾಸ ಬರಲಿಲ್ಲ. ಯಾವುದು ಯಾವುದೆಂದು ಹೇಳದೆ ರುಚಿ ನೋಡಿಸಿದಾಗ, ಒಂದು ದಿನವೂ ತೊಳೆಯದ ಗುಂಪಿನ ಕಡೆಗೇ ಮೆಚ್ಚುಗೆ ಸ್ವಲ್ಪ ವಾಲಿತು. ಅದು ಗೊಬ್ಬರ ಮಾರುವ ಕಂಪನಿ, ನೋಡಿದ್ದು ಒಂದೇ ತಳಿ. ಅದನ್ನೂ ನೆನಪಿಟ್ಟುಕೊಂಡೇ ಓದಬೇಕು. ಆದರೂ ಎರಡೂ ಕಡೆಯ ಉತ್ತರ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ.

ಹಾಗಂತ ಕೊನೆಯಲ್ಲಿ ಗೊಬ್ಬರ ನಿಲ್ಲಿಸುವುದು ಯಾವ ಬೆಳೆಗೂ ಪ್ರಯೋಜನವಿಲ್ಲ ಅಂತಲ್ಲ. ಹೈಡ್ರೋಪೋನಿಕ್ಸ್‌ನಲ್ಲಿ, ಅಂದರೆ ಮಣ್ಣಿಲ್ಲದೆ ಗೊಬ್ಬರದ ನೀರಿನಲ್ಲಿ ಬೆಳೆದ ಲೆಟಿಸ್‌ಗೆ ಕೊನೆಯ ಕೆಲವು ದಿನ ನೈಟ್ರೇಟ್ ಕೊಡದಿದ್ದರೆ ಎಲೆಯಲ್ಲಿ ಕೂಡಿಟ್ಟ ನೈಟ್ರೇಟ್ ಚೆನ್ನಾಗಿ ಇಳಿಯುತ್ತದೆ. ಅದು ಸೊಪ್ಪು, ನಾವು ತಿನ್ನುವುದೇ ಆ ಉಗ್ರಾಣವನ್ನು. ಇಲ್ಲಿ ನಮಗೆ ಬೇಕಿರುವುದು ಹೂವು.

ಹೊಗೆಸೊಪ್ಪಿನವರಿಗೆ ಗೊತ್ತಿರುವ ವಿಷಯ

ನಮ್ಮ ತಾತನದು ಪಿರಿಯಾಪಟ್ಟಣದ ಕಡೆ. ಹುಣಸೂರು, ಪಿರಿಯಾಪಟ್ಟಣ ಅಂದರೆ ವರ್ಜೀನಿಯಾ ಹೊಗೆಸೊಪ್ಪಿನ ನಾಡು, ನಿಮಗೂ ಗೊತ್ತು. ಅಲ್ಲಿ ಯಾರೂ ಕೊಯ್ಲಿಗೆ ಮುಂಚೆ ಗಿಡ ತೊಳೆಯುತ್ತಿರಲಿಲ್ಲ. ಆದರೆ ಯೂರಿಯಾ ವಿಷಯದಲ್ಲಿ ಕೈ ಬಿಗಿ. ಸಾರಜನಕ ಜಾಸ್ತಿಯಾದರೆ ಎಲೆ ಕಡು ಹಸಿರಾಗಿ ದಪ್ಪಗೆ ನಿಲ್ಲುತ್ತದೆ, ಹಣ್ಣಾಗಲ್ಲ, ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದಮಾಡುವ ಬಿಸಿ ಮನೆಯಲ್ಲಿ, ಬಣ್ಣವೂ ತಿರುಗಲ್ಲ. ಪೊಟ್ಯಾಶ್ ಬೇಕೇ ಬೇಕು, ಆದರೆ ಎಂಒಪಿ (ಪೊಟ್ಯಾಶಿಯಂ ಕ್ಲೋರೈಡ್) ಹಾಕಬೇಡ, ಎಸ್‌ಒಪಿ (ಪೊಟ್ಯಾಶಿಯಂ ಸಲ್ಫೇಟ್) ಹಾಕು ಅನ್ನುತ್ತಿದ್ದರು. ಎಂಒಪಿಯಲ್ಲಿ ಕ್ಲೋರೈಡ್ ಇರುತ್ತದೆ, ಅದು ಜಾಸ್ತಿಯಾದ ಎಲೆ ಸರಿಯಾಗಿ ಉರಿಯಲ್ಲ. ಪೊಟ್ಯಾಶ್ ಉರಿಯಲು ಸಹಾಯವನ್ನೇ ಮಾಡುತ್ತದೆ.

ಬಿಳಿ ಬೂದಿಯ ಕಥೆಗೆ ಇಲ್ಲೇ ಉತ್ತರ ಇದೆ. ಬೂದಿ ಅಂದರೇನೇ ಖನಿಜ. ಖನಿಜವೆಲ್ಲ ತೊಳೆದು ಹೋಗಿದ್ದರೆ ಬೂದಿಯೇ ಇರುತ್ತಿರಲಿಲ್ಲ. ಒಲೆಗೆ ಹಸಿ ಕಟ್ಟಿಗೆ ಇಟ್ಟರೆ ಕರಿ ಇದ್ದಿಲು ಉಳಿಯುತ್ತದೆ, ಒಣ ಕಟ್ಟಿಗೆ ಪೂರ್ತಿ ಉರಿದರೆ ಬೆಳ್ಳಗಿನ ಬೂದಿ. ಕಪ್ಪು ಅಂದರೆ ಇನ್ನೂ ಸುಡದ ಇಂಗಾಲ, ಅಷ್ಟೇ. ನಿಮ್ಮ ಬೂದಿ ಕಪ್ಪಗಿದ್ದರೆ ಮೊದಲು ಅನುಮಾನ ಪಡಬೇಕಾದ್ದು ತೇವದ ಮೇಲೆ.

ಹಾಗಾದರೆ ಏನು ಮಾಡಬೇಕು

ಮೊದಲು ಕುಂಡದೊಳಗೆ ಏನಿದೆ ನೋಡಿ. ಕಾಂಪೋಸ್ಟ್, ಎರೆಗೊಬ್ಬರ ಹಾಕಿದ ಮಣ್ಣಾದರೆ ಫ್ಲಶ್ ಮರೆತುಬಿಡಿ. ಅದರಲ್ಲಿ ಪೋಷಕಾಂಶ ನೀರಿನಲ್ಲಿ ಕರಗಿ ತೇಲುತ್ತಿಲ್ಲ. ಮಣ್ಣಿನ ಕಣಕ್ಕೆ ಅಂಟಿಕೊಂಡಿದೆ, ಹುಳ ಹುಪ್ಪಟೆ, ಸೂಕ್ಷ್ಮಜೀವಿಗಳ ಹೊಟ್ಟೆಯಲ್ಲಿದೆ. ನೂರು ಲೀಟರ್ ಸುರಿದರೂ ಪೂರ್ತಿ ಖಾಲಿಯಾಗಲ್ಲ, ಬೇರು ಮಾತ್ರ ಉಸಿರುಗಟ್ಟುತ್ತದೆ. ರಾಕ್‌ವೂಲ್‌ನಂಥ (ಕಲ್ಲು ಕರಗಿಸಿ ಮಾಡಿದ ನಾರು) ಜಡ ವಸ್ತುವಾದರೆ ಒಂದೇ ದಿನದಲ್ಲಿ ಖಾಲಿ ಮಾಡಬಹುದು. ಮಾಡಿದರೆ ಗಿಡ ಅಂದಿನಿಂದಲೇ ಉಪವಾಸ. ಕೋಕೋಪೀಟ್ ಇವೆರಡರ ನಡುವಿನದು. ಇಲ್ಲಿನ ಪ್ಯಾಕೆಟ್‌ಗಳ ಹಿಂದೆ ನೋಡಿದರೆ ಹೆಚ್ಚಾಗಿ ಇಂಡಿಯಾ ಇಲ್ಲವೇ ಶ್ರೀಲಂಕಾ ಅಂತಲೇ ಇರುತ್ತದೆ. ನಮ್ಮ ತೆಂಗಿನ ನಾರೇ. ಅದು ಪೊಟ್ಯಾಶ್, ಸೋಡಿಯಂ ಬಿಟ್ಟುಕೊಟ್ಟು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕೋಕೋಪೀಟ್‌ಗೆ ಬರೀ ನೀರು ಸುರಿಯಬೇಡಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ತೆಳು ಗೊಬ್ಬರದ ನೀರಿನಿಂದಲೇ ತೊಳೆಯಬೇಕು.

ಆಮೇಲೆ ಅಳೆಯಿರಿ. ಇಸಿ ಮೀಟರ್ ಅಂತ ಪೆನ್ನಿನಷ್ಟು ಉದ್ದದ ಒಂದು ಸಾಧನ ಸಿಗುತ್ತದೆ, ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ಹೇಳುತ್ತದೆ. ಹಾಕುವ ನೀರಿನದು ಬರೆದುಕೊಳ್ಳಿ. ಕುಂಡದ ತಳದಿಂದ ಸೋರಿದ ನೀರನ್ನು ಒಂದು ಲೋಟದಲ್ಲಿ ಹಿಡಿದು ಅದರದೂ ಬರೆದುಕೊಳ್ಳಿ. ಹಾಕಿದ್ದು 1.8 (ಮೀಟರಿನ mS/cm ಲೆಕ್ಕದಲ್ಲಿ), ಸೋರಿದ್ದು 2.2 ಬಂದರೆ ಚಿಂತೆ ಬೇಡ. ಹಾಕಿದ್ದು 1.8, ಸೋರಿದ್ದು 4 ಬಂದರೆ ಉಪ್ಪು ಕಟ್ಟಿದೆ. ಎಲೆಯ ತುದಿ ಸುಟ್ಟ ಹಾಗೆ ಕಂದಾಗಿರುವುದು, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂತಿರುವುದು ಇದರ ಗುರುತು. ಬೋರ್‌ವೆಲ್ ನೀರು ಹಾಕುವ ಬೆಂಗಳೂರಿನ ತಾರಸಿಗಳಲ್ಲಿ ಮಣ್ಣಿನ ಕುಂಡದ ಹೊರಮೈಯಲ್ಲಿ ಇದೇ ಬಿಳಿ ನೋಡಿರುತ್ತೀರಿ.

ಹೀಗೆ ಉಪ್ಪು ಕಟ್ಟಿದಾಗ ಮಾತ್ರ ತೊಳೆಯುವುದರಲ್ಲಿ ಅರ್ಥ ಇದೆ. ಅದಕ್ಕೆ ಕೊಯ್ಲಿನವರೆಗೆ ಕಾಯಬೇಕಾಗಿಯೂ ಇಲ್ಲ. ಯಾವತ್ತು ಕಂಡಿತೋ ಅವತ್ತೇ ಮಾಡಿ. ಬೆಳಗ್ಗೆ, ಬಿಸಿಲು ಗಾಳಿ ಇರುವ ದಿನ ನೋಡಿಕೊಳ್ಳಿ. 20 ಲೀಟರ್ ಕುಂಡಕ್ಕೆ 40ರಿಂದ 60 ಲೀಟರ್, ಆದರೆ ಬಕೆಟ್ ಎತ್ತಿ ದಬದಬ ಸುರಿಯಬಾರದು. ಹಾಗೆ ಸುರಿದರೆ ನೀರು ಕುಂಡದ ಗೋಡೆಗುಂಟ ಜಾರಿ ಹೋಗುತ್ತದೆ, ನಡುವಿನ ಮಣ್ಣು ಹಾಗೇ ಇರುತ್ತದೆ. ನಾನು ಮೊದಲ ವರ್ಷ ಮಾಡಿದ್ದು ಅದನ್ನೇ. ಐದು ಲೀಟರ್ ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೆ ಐದು. ಕುಂಡವನ್ನು ಎರಡು ಇಟ್ಟಿಗೆ ಮೇಲಿಡಿ, ಸೋರಿದ ನೀರಿನಲ್ಲಿ ತಳ ನಿಲ್ಲಬಾರದು. ಸೋರುವ ನೀರಿನ ಇಸಿ ಹಾಕುವ ನೀರಿನ ಹತ್ತಿರ ಬಂದ ಮೇಲೆ ನಿಲ್ಲಿಸಿ, ಕೊನೆಯ ಐದು ಲೀಟರಿಗೆ ಅರ್ಧ ಪ್ರಮಾಣದ ಗೊಬ್ಬರ ಬೆರೆಸಿ ಕೊಡಿ. ಕುಂಡ ಎತ್ತಿ ನೋಡಿದಾಗ ಹಗುರ ಅನ್ನಿಸುವವರೆಗೆ ಮುಂದಿನ ನೀರು ಬೇಡ.

ನೀರಿನ ಬಗ್ಗೆ ಒಂದು ಮಾತು. ಕಿಚನರ್, ವಾಟರ್‌ಲೂ, ಗುವೆಲ್ಫ್ ಕಡೆ ಅಂತರ್ಜಲ, ನೀರು ಗಡಸು. ಅದಕ್ಕೇ ಬಹಳಷ್ಟು ಮನೆಗಳ ಬೇಸ್‌ಮೆಂಟಿನಲ್ಲಿ ಸಾಫ್ಟ್‌ನರ್ ಇರುತ್ತದೆ, ತಿಂಗಳಿಗೊಂದು ಚೀಲ ಉಪ್ಪು ತಿನ್ನುತ್ತದೆ. ಆ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತದೆ. ಅಡುಗೆಮನೆಯ ನಲ್ಲಿಯಿಂದ ಅದೇ ನೀರು ಹಿಡಿದು ಗಿಡ ‘ತೊಳೆದರೆ’ ಉಪ್ಪು ತೊಳೆಯಲು ಉಪ್ಪನ್ನೇ ಹಾಕಿದ ಹಾಗಾಯಿತು, ಅಲ್ವಾ? ಹೊರಗಿನ ಹೋಸ್ ಪೈಪ್‌ಗೆ ಸಾಮಾನ್ಯವಾಗಿ ಸಾಫ್ಟ್‌ನರ್ ಸಂಪರ್ಕ ಇರಲ್ಲ. ಒಮ್ಮೆ ಖಾತ್ರಿ ಮಾಡಿಕೊಂಡು ಅದನ್ನೇ ಬಳಸಿ.

ಉಪ್ಪು ಕಟ್ಟಿಲ್ಲ ಅಂದರೆ, ಕೈ ಬಿಗಿ ಹಿಡಿದರೆ ಸಾಕು. ಹೂವು ದಪ್ಪವಾಗುವುದು ನಿಂತ ಮೇಲೆ ಗಿಡಕ್ಕೆ ಜಾಸ್ತಿ ಬೇಕಾಗಲ್ಲ. ಕೊಯ್ಲಿಗೆ ಮೂರು ವಾರ ಇದೆ ಅನ್ನುವಾಗ ನಾನು ಸಾರಜನಕ ಇಳಿಸುತ್ತೇನೆ, ಕೊನೆಯ ಹತ್ತು ದಿನ ಗೊಬ್ಬರ ಅರ್ಧಕ್ಕೆ ತರುತ್ತೇನೆ. ದುಡ್ಡೂ ಉಳಿಯುತ್ತದೆ. ಕೊನೇ ವಾರ ಬರೀ ನೀರು ಕೊಟ್ಟರೂ ನಷ್ಟ ಕಾಣಲ್ಲ, ಬೇಕಾದರೆ ಕೊಡಿ. ಆದರೆ ಅದು ಮಾಮೂಲಿ ಅಳತೆಯ ನೀರಾಗಿರಲಿ, ಪ್ರವಾಹ ಬೇಡ. ಫ್ಲಶ್ ದ್ರಾವಣದ ಬಾಟಲಿಯಂತೂ ಸುಮ್ನೆ ದಂಡ.

ಫ್ಲಶ್ ಮಾಡಿದರೆ ಸಿಂಪಡಿಸಿದ್ದೂ ಹೋಗುತ್ತದೆ ಎಂದುಕೊಂಡವರು ಇದ್ದಾರೆ. ಹೋಗಲ್ಲ. ಬುಡಕ್ಕೆ ನೀರು ಸುರಿದರೆ ಹೂವಿನ ಮೇಲಿರುವ ಬೇವಿನ ಎಣ್ಣೆ ಎಲ್ಲಿಗೆ ಹೋಗಬೇಕು? ಹೂವು ಬಿಟ್ಟ ಮೇಲೆ ಅದರ ಮೇಲೆ ಏನನ್ನೂ ಸಿಂಪಡಿಸಬೇಡಿ.

ಕೊಯ್ಲು ಯಾವಾಗ ಅನ್ನುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. 60 ಪಟ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ಭೂತಗನ್ನಡಿ ಸಿಗುತ್ತದೆ. ಅದರಲ್ಲಿ ಹೂವಿನ ಮೇಲೆ ಅಣಬೆಯಂಥ ಸಣ್ಣ ಸಣ್ಣ ಗ್ರಂಥಿಗಳು ಕಾಣುತ್ತವೆ, ಟ್ರೈಕೋಮ್ ಅನ್ನುತ್ತಾರೆ. ಗಾಜಿನ ಹಾಗೆ ತಿಳಿಯಾಗಿದ್ದರೆ ಇನ್ನೂ ಎಳಸು. ಹಾಲು ಬೆರೆಸಿದ ಹಾಗೆ ಮಸುಕಾಗಿ, ಅಲ್ಲೊಂದು ಇಲ್ಲೊಂದು ಜೇನಿನ ಬಣ್ಣಕ್ಕೆ ತಿರುಗಿದರೆ ಹದ. ಎರಡು ವಾರದ ಫ್ಲಶ್ ಮುಗಿಯಲಿ ಅಂತ ಕಾಯುತ್ತಾ ಈ ಹದ ಕಳೆದುಕೊಂಡವರನ್ನು ನೋಡಿದ್ದೇನೆ. ಹೊರಗೆ ಬೆಳೆಯುವವರಿಗೆ ಇಲ್ಲಿ ಅದು ಹೆಚ್ಚುಕಡಿಮೆ ದಸರಾ ಹೊತ್ತು. ಮಳೆ ಮುನ್ಸೂಚನೆ ಇದ್ದರೆ ಎರಡು ದಿನ ಮುಂಚೆ ಕೊಯ್ದರೂ ತಪ್ಪಿಲ್ಲ, ಬೂಷ್ಟು ಬಂದ ಹೂವಿಗಿಂತ ಸ್ವಲ್ಪ ಎಳಸಾದ ಹೂವು ಮೇಲು. ಬೂಷ್ಟು ಕಂಡ ಹೂವನ್ನು ಅದರ ಸುತ್ತಿನದನ್ನೂ ಸೇರಿಸಿ ಎಸೆಯಿರಿ, ಆ ಭಾಗ ಮಾತ್ರ ಕತ್ತರಿಸಿ ಉಳಿದದ್ದು ಇಟ್ಟುಕೊಳ್ಳುವ ಆಸೆ ಬೇಡ.

ಗಂಟಲು ಕೆರೆಯುವುದು ಎಲ್ಲಿಂದ ಬರುತ್ತದೆ

ಒಣಗಿಸುವುದರಿಂದ. ಫ್ಲಶ್‌ಗೆ ಸುರಿಯುವ ಶ್ರಮದಲ್ಲಿ ಅರ್ಧ ಇಲ್ಲಿ ಹಾಕಿದರೆ ಸಾಕು.

ತಾತ ರಾತ್ರಿ ಎರಡು ಮೂರು ಸಲ ಎದ್ದು, ಕಂಬಳಿ ಹೊದ್ದು ಬ್ಯಾರನ್ ಕಡೆ ಹೋಗುತ್ತಿದ್ದರು. ಟಾರ್ಚ್ ಬಿಟ್ಟು ಕಿಟಕಿಯ ಗಾಜಿನಿಂದ ಥರ್ಮಾಮೀಟರ್ ನೋಡಿ, ಒಂದು ಸೌದೆ ತಳ್ಳುವುದೋ ಎಳೆಯುವುದೋ ಮಾಡಿ ಬರುತ್ತಿದ್ದರು. ಮೊದಲೆರಡು ದಿನ ಹದವಾದ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು. ಆ ಹೊತ್ತಿನಲ್ಲಿ ಎಲೆ ಇನ್ನೂ ಜೀವಂತ, ತನ್ನ ಹಸಿರನ್ನೂ ಪಿಷ್ಟವನ್ನೂ ತಾನೇ ಕರಗಿಸಿಕೊಳ್ಳುತ್ತಿರುತ್ತದೆ. ಆತುರಪಟ್ಟು ಉರಿ ಏರಿಸಿದರೆ ಹಸಿರು ಹಾಗೇ ಎಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಏನು ಮಾಡಿದರೂ ಹೋಗಲ್ಲ, ಹರಾಜಿನಲ್ಲಿ ಒಳ್ಳೆ ರೇಟೂ ಸಿಗಲ್ಲ.

ಗಾಂಜಾ ಹೂವಿಗೆ ಬ್ಯಾರನ್ ಬಿಸಿ ಬೇಡ, ಪರಿಮಳ ಹಾರಿಹೋಗುತ್ತದೆ. ಆದರೆ ಪಾಠ ಅದೇ. ಕತ್ತಲ ಕೋಣೆ, 16ರಿಂದ 20 ಡಿಗ್ರಿ, ಗಾಳಿಯಲ್ಲಿ ತೇವ ಶೇ 55ರಿಂದ 60. ಕೊಂಬೆಗಳನ್ನು ತಲೆಕೆಳಗು ಮಾಡಿ, ಒಂದಕ್ಕೊಂದು ತಾಗದ ಹಾಗೆ ನೇತುಹಾಕಿ. ಫ್ಯಾನ್ ಇರಲಿ, ಗೋಡೆ ಕಡೆ ತಿರುಗಿರಲಿ, ಹೂವಿಗೆ ನೇರ ಗಾಳಿ ಬೇಡ. ಹತ್ತರಿಂದ ಹದಿನಾಲ್ಕು ದಿನ ಹಿಡಿದರೆ ಸರಿ. ನಾಲ್ಕೇ ದಿನಕ್ಕೆ ಗರಿಗರಿಯಾದರೆ ಹಸಿರು ಒಳಗೇ ಉಳಿದಿದೆ. ಹುಲ್ಲಿನ ವಾಸನೆ ಬರುತ್ತದೆ, ಗಂಟಲು ಕೆರೆಯುತ್ತದೆ. ಆಮೇಲೆ ‘ಫ್ಲಶ್ ಸರಿಯಾಗಿ ಮಾಡಲಿಲ್ಲ’ ಅಂತ ಬೈದುಕೊಳ್ಳುವುದು. ಚಿಕ್ಕ ಕಡ್ಡಿ ಬಗ್ಗಿಸಿದರೆ ಪಟ್ ಎಂದು ಮುರಿಯಬೇಕು, ಬಳುಕಿದರೆ ಇನ್ನೂ ಎರಡು ದಿನ.

ಆಮೇಲೆ ಗಾಜಿನ ಜಾಡಿ. ಮುಕ್ಕಾಲು ಮಾತ್ರ ತುಂಬಿ, ಒಳಗೊಂದು ಪುಟ್ಟ ತೇವಮಾಪಕ ಹಾಕಿ. ಶೇ 58ರಿಂದ 62ರೊಳಗೆ ನಿಲ್ಲಬೇಕು. 65 ದಾಟಿದರೆ ಹೊರಗೆ ಹರಡಿ, ಇಲ್ಲದಿದ್ದರೆ ಬೂಷ್ಟು. ಮೊದಲ ವಾರ ದಿನಕ್ಕೊಮ್ಮೆ ಮುಚ್ಚಳ ತೆಗೆದು ಹತ್ತು ನಿಮಿಷ ಗಾಳಿ ಆಡಿಸಿ, ಆಮೇಲೆ ವಾರಕ್ಕೊಮ್ಮೆ. ಒಂದು ತಿಂಗಳು ಬಿಟ್ಟು ಮೂಸಿ ನೋಡಿ, ಹುಲ್ಲಿನ ವಾಸನೆ ಹೋಗಿರುತ್ತದೆ. ತೇವಮಾಪಕ ಸರಿಯಾಗಿದೆಯಾ ಅನ್ನುವ ಅನುಮಾನ ಇದ್ದರೆ ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿ ಹೋಗದ ಹಾಗೆ ಕೆಲವೇ ಹನಿ ನೀರು ಬೆರೆಸಿ, ಮಾಪಕದ ಜತೆ ಡಬ್ಬಿಯೊಳಗೆ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ 75 ತೋರಿಸಬೇಕು. ನನ್ನದು 69 ತೋರಿಸುತ್ತಿತ್ತು. ಜಾಡಿಯಲ್ಲಿ 62 ಅಂತ ನಾನು ನೆಮ್ಮದಿಯಾಗಿದ್ದಾಗ ನಿಜಕ್ಕೂ 68 ಇತ್ತು. ಮಕ್ಕಳಿರುವ ಮನೆಯಾದರೆ ಜಾಡಿ ಬೀಗ ಹಾಕುವ ಕಪಾಟಿನಲ್ಲಿರಲಿ.

ಇಷ್ಟೆಲ್ಲ ಓದಿಯೂ ನಂಬಿಕೆ ಬರಲಿಲ್ಲ ಅಂದರೆ ನೀವೇ ನೋಡಿಬಿಡಿ. ಒಂದೇ ತಳಿಯ ನಾಲ್ಕು ಗಿಡದಲ್ಲಿ ಎರಡಕ್ಕೆ ಎರಡು ವಾರ ಬರೀ ನೀರು, ಎರಡಕ್ಕೆ ಕೊನೆಯವರೆಗೂ ತೆಳು ಗೊಬ್ಬರ. ಒಂದೇ ದಿನ ಕೊಯ್ದು, ಒಂದೇ ಕೋಣೆಯಲ್ಲಿ ಒಣಗಿಸಿ, ಜಾಡಿಗೆ ನಂಬರ್ ಮಾತ್ರ ಬರೆಯಿರಿ. ಯಾವ ನಂಬರ್ ಯಾವುದು ಅನ್ನುವ ಚೀಟಿಯನ್ನು, ರುಚಿ ನೋಡಲು ಕೂರದ ಒಬ್ಬರ ಕೈಗೆ ಕೊಡಿ. ನಾವು ಹೋದ ಡಿಸೆಂಬರಿನಲ್ಲಿ ಹೀಗೇ ಮಾಡಿದೆವು. ಐದು ಜನ ಕೂತಿದ್ದೆವು. ಇಬ್ಬರು ಒಂದನೆಯದು ನಯವಾಗಿದೆ ಅಂದರು, ಇಬ್ಬರು ಎರಡನೆಯದು ಅಂದರು. ಐದನೆಯವನು ‘ಎರಡೂ ಒಂದೇ ಅಲ್ವೇನ್ರೋ’ ಅಂದ. ಚೀಟಿ ನನ್ನ ಹೆಂಡತಿಯ ಹತ್ತಿರ ಇತ್ತು. ಅವಳು ಅದನ್ನು ತಂದು ಬಿಚ್ಚುವ ಹೊತ್ತಿಗೆ ಯಾರಿಗೂ ಅದು ಬೇಕಾಗಿರಲಿಲ್ಲ. ಎಲ್ಲರ ಗಮನ ಚುರುಮುರಿ ಬಟ್ಟಲಿನ ಮೇಲಿತ್ತು.